ಅಂಬತ್ತೆಯ ಕೈಗೆ ಬಂದ ಹೂಗುಚ್ಛ

ನಮ್ಮೂರಿನಲ್ಲಿ ಮದುವೆಗಳು ಒಂದಾದ ಮೇಲೆ ಒಂದು ನಡೆಯುತ್ತವೆ. ಎಷ್ಟೇ ಅವಸರವಿದ್ದರೂ ಸಾಲು ತಪ್ಪಿಸಿ ಮುಂದೆ ಹೋಗುವ ಹಾಗಿಲ್ಲ. ಮದುವೆಯ ಕೊನೆಯಲ್ಲಿ ಮದುಮಗಳು ಜನರಿಗೆ ಬೆನ್ನು ಮಾಡಿ ನಿಂತು, ತಲೆಯ ಮೇಲಿಂದ ಹಿಂದಕ್ಕೆ ಹೂಗುಚ್ಛ ಎಸೆಯುತ್ತಾಳೆ. ಅದು ಯಾರ ಕೈಗೆ ಬರುತ್ತದೋ ಊರಿನ ಮುಂದಿನ ಮದುವೆ ಅವರದು. ಆ ಮದುವೆ ಮುಗಿಯುವವರೆಗೆ ಬೇರೆ ಯಾರ ಬೆರಳಿಗೂ ಉಂಗುರ ಏರುವುದಿಲ್ಲ, ನಡುಗೆಣ್ಣಿನ ತನಕ ಬಂದು ನಿಂತುಬಿಡುತ್ತದೆ. ಹರಳೆಣ್ಣೆ ಹಚ್ಚಿ ನೋಡಿದವರಿದ್ದಾರೆ, ಸೋಪಿನ ನೊರೆಯಲ್ಲಿ ಕೈ ಅದ್ದಿ ನೋಡಿದವರಿದ್ದಾರೆ. ಅಕ್ಕಸಾಲಿಗರೊಬ್ಬರು ಮಗಳಿಗೋಸ್ಕರ ಬಳೆಯಷ್ಟು ಅಗಲದ ಉಂಗುರವನ್ನೇ ಮಾಡಿ ತಂದರು. ಅದೂ ಗೆಣ್ಣಿನ ಹತ್ತಿರ ಬಂದು, ಗಾಳಿಯಲ್ಲಿ ನಿಂತ ಹಾಗೆ ನಿಂತಿತು. ಅವರು ಅದನ್ನು ಮನೆಗೆ ತೆಗೆದುಕೊಂಡು ಹೋಗಿ ಗಿಳಿಯ ಪಂಜರದೊಳಗೆ ಉಯ್ಯಾಲೆ ಮಾಡಿದರು.

ಇದೆಲ್ಲ ಅಮೆರಿಕದ ಪದ್ಧತಿ ಅಂತ ಹಿರಿಯರು ಹೇಳುತ್ತಾರೆ. ಎಂದೋ ಅಲ್ಲಿಯ ಒಂದು ಜೋಡಿ ಬಸ್ಸು ಕೆಟ್ಟು ನಮ್ಮೂರಲ್ಲಿ ಇಳಿಯಿತಂತೆ. ಬಸ್ಸು ರಿಪೇರಿಯಾಗುವುದರೊಳಗೆ ಇಲ್ಲೇ ಮದುವೆ ಮಾಡಿಕೊಂಡು, ನಗುನಗುತ್ತಾ ಹತ್ತಿ ಹೋಯಿತಂತೆ. ಊರಿಗೆ ಅದು ಹಿಡಿಸಿಬಿಟ್ಟಿತು. ಬಿಳಿ ಗೌನು, ಮುಖಕ್ಕೆ ಪರದೆ, ಅಂತಸ್ತಿನ ಮೇಲೆ ಅಂತಸ್ತಿನ ಕೇಕು, ಗಂಡಿನ ಗೆಳೆಯ ಗ್ಲಾಸು ಎತ್ತಿ ಮಾಡುವ ಭಾಷಣ, ಕಾರಿನ ಹಿಂದೆ ಕಟ್ಟಿ ಗಡಗಡ ಎಳೆದುಕೊಂಡು ಹೋಗುವ ಖಾಲಿ ಡಬ್ಬಗಳು, ಎಲ್ಲ ಇಲ್ಲೇ ಉಳಿದುಕೊಂಡವು. ನಾವು ಗೌನಿನ ಜೊತೆಗೆ ಮಲ್ಲಿಗೆ ಮುಡಿದೆವು, ಕೇಕಿಗೆ ಏಲಕ್ಕಿ ಹಾಕಿದೆವು, ಗ್ಲಾಸಿಗೆ ಪಾನಕ ಸುರಿದೆವು. ಅಕ್ಕಿ ಎರಚುವುದನ್ನು ಮಾತ್ರ ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೂಗುಚ್ಛ ಸಾಮಾನ್ಯವಾಗಿ ಮರ್ಯಾದೆಯಿಂದಲೇ ನಡೆದುಕೊಳ್ಳುತ್ತದೆ. ನಿಶ್ಚಯವಾಗಿರುವ ಹುಡುಗಿಯರು ಮುಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಅವರಲ್ಲಿ ಒಬ್ಬಳ ಕೈಗೆ ಅದು ಬರುತ್ತದೆ, ಉಳಿದವರು ತುಟಿ ಉಬ್ಬಿಸಿಕೊಂಡು ಕೇಕು ತಿನ್ನಲು ಹೋಗುತ್ತಾರೆ. ಮದುವೆ ಬೇಡದವರು ಹೊರಗೆ ಚಪ್ಪಲಿ ಕಾಯುವ ನೆಪದಲ್ಲಿ ಕೂರುತ್ತಾರೆ. ನಮ್ಮ ಅಂಬುಜಾಕ್ಷಿ ಅತ್ತೆಗೆ ಆ ಅನುಕೂಲವಿರಲಿಲ್ಲ. ಯಾಕೆಂದರೆ ಊರಿನ ಮದುವೆ ಕೇಕುಗಳನ್ನೆಲ್ಲ ಮಾಡುವವಳು ಅವಳೇ. ಕೇಕು ಕೊಯ್ದು ಹಂಚುವವರೆಗೆ ಅವಳು ಮದುವೆ ಹಾಲಿನೊಳಗೆ ಇರಲೇಬೇಕು.

ಊರಿಗೆಲ್ಲ ಅವಳು ಅಂಬಕ್ಕ, ನನಗೆ ಅಂಬತ್ತೆ, ನನ್ನ ಅಪ್ಪನ ತಂಗಿ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನನ್ನನ್ನು ಸಾಕಿದವಳು. ಬೇಕರಿಯ ಹಿಂದಿನ ಎರಡು ಕೋಣೆಯೇ ನಮ್ಮ ಮನೆ. ಐವತ್ತು ದಾಟಿದ ಹೆಂಗಸು, ದಪ್ಪ ತೋಳು, ಗಟ್ಟಿ ನಗು. ಹಿಟ್ಟು ಕಲಸುವಾಗ ರೇಡಿಯೋದ ಜೊತೆ ತಾನೂ ಹಾಡುತ್ತಿದ್ದಳು, ರೇಡಿಯೋಗಿಂತ ಜೋರಾಗಿ. ಅವಳು ಯಾಕೆ ಮದುವೆಯಾಗಲಿಲ್ಲ ಅಂತ ಊರವರು ತಮಗೆ ತೋಚಿದ ಕಾರಣಗಳನ್ನು ಹೇಳುತ್ತಿದ್ದರು. ಅವುಗಳಲ್ಲೆಲ್ಲ ಒಬ್ಬ ಸತ್ತುಹೋದ ಪ್ರೇಮಿ ಇರುತ್ತಿದ್ದ. ನಾನು ಒಮ್ಮೆ ಅವಳನ್ನೇ ಕೇಳಿದೆ.

"ಪ್ರೇಮಿನೂ ಇಲ್ಲ, ಗೀಮಿನೂ ಇಲ್ಲ," ಅಂದಳು. "ನಂಗೆ ಯಾರ ಮೇಲೂ ಸಿಟ್ಟಿಲ್ಲ ಕಣೇ ವಾರಿಜಾ. ನನ್ನ ದಿನ ಬೆಳಗಿಂದ ಸಂಜೆತನಕ ಭರ್ತಿಯಾಗಿದೆ. ಇನ್ನೊಬ್ಬರನ್ನ ತಂದು ಎಲ್ಲಿ ಕೂರಿಸ್ಲಿ?"

ಹೂಗುಚ್ಛ ಎಸೆಯುವ ಹೊತ್ತಿಗೆ ಅತ್ತೆ ಕೇಕಿನ ಹಿಂದೆ ನಿಲ್ಲುತ್ತಿದ್ದಳು. ಅವಳು ಮಾಡುವ ಕೇಕುಗಳು ಅವಳಿಗಿಂತ ಎತ್ತರ. ಮೂವತ್ತು ವರ್ಷಗಳ ಮದುವೆಗಳಲ್ಲಿ ಒಂದು ಹೂವಿನೆಸಳೂ ಆ ಗೋಡೆ ದಾಟಿ ಬಂದಿರಲಿಲ್ಲ.

ಆ ಸಲ ಮದುವೆಯಾದವಳು ನನ್ನ ಗೆಳತಿ ಸುಲೋಚನಾ. ಮುಂದಿನ ಸಾಲಿನಲ್ಲಿ ನಾನಿದ್ದೆ. ನನಗೂ ಗುಣಪಾಲನಿಗೂ ನಿಶ್ಚಯವಾಗಿತ್ತು. ಗುಣಪಾಲ ಮದುವೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವವನು. ಊರಿನ ಹುಡುಗಿಯರೆಲ್ಲ ಅವನು ಊದುವ ರಾಗಕ್ಕೆ ಹಾಲಿನ ನಡುದಾರಿಯಲ್ಲಿ ನಡೆದು ಮದುವೆಯಾಗಿದ್ದಾರೆ, ನಾನು ಯಾವಾಗ ನಡೆಯುತ್ತೇನೋ ಅಂತ ಇಬ್ಬರೂ ಕಾಯುತ್ತಿದ್ದೆವು. ಸುಲೋಚನಾ ನನಗೇ ಬರಲಿ ಅಂತ ಕೈಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ಎಸೆದಳು. ಹೂಗುಚ್ಛ ನನ್ನ ಬೆರಳ ತುದಿಯವರೆಗೆ ಬಂತು. ಅಲ್ಲಿ ಒಂದು ಗಳಿಗೆ ಯೋಚನೆ ಮಾಡಿದ ಹಾಗೆ ಕಂಡಿತು. ಆಮೇಲೆ ಮೇಲೆದ್ದು, ನಮ್ಮ ತಲೆಗಳನ್ನು ದಾಟಿ, ಕೇಕಿನ ತುದಿಯ ಸಕ್ಕರೆ ಗೊಂಬೆಗಳನ್ನೂ ದಾಟಿ ಆಚೆ ಇಳಿಯಿತು.

ಎಲ್ಲರೂ ಆ ಕಡೆ ತಿರುಗಿದರು. ಕೇಕಿನ ಹಿಂದಿನಿಂದ ಅತ್ತೆಯ ದನಿ ಬಂತು. "ಯಾರ್ರೀ ಅದು? ನನ್ನ ಕೈಲಿ ಚಾಕು ಇದೆ!"

ಅವಳು ಹೊರಗೆ ಬಂದಾಗ ಒಂದು ಕೈಯಲ್ಲಿ ಕೇಕಿನ ಚಾಕು, ಇನ್ನೊಂದರಲ್ಲಿ ಹೂಗುಚ್ಛ.

ಮೊದಲು ಅವಳು ನಕ್ಕಳು. ಸುಲೋಚನಾಳಿಗೇ ವಾಪಸು ಕೊಟ್ಟಳು. ಅಷ್ಟರಲ್ಲಿ ಅದು ಮತ್ತೆ ಅವಳ ಕಂಕುಳಲ್ಲಿತ್ತು. ನನ್ನ ಕೈಗೆ ತುರುಕಿದಳು, ಕಿಟಕಿಯಿಂದ ಆಚೆ ಎಸೆದಳು, ಒಲೆಗೂ ಹಾಕಿದಳು. ಬೆಳಿಗ್ಗೆ ಎದ್ದು ನೋಡಿದರೆ ಹಿಟ್ಟಿನ ಡಬ್ಬದ ಮೇಲೆ ಹೊಸದಾಗಿ ಕಿತ್ತು ತಂದ ಹಾಗೆ ಕೂತಿತ್ತು. ಕೊನೆಗೆ ಒಂದು ಲೋಟದಲ್ಲಿ ನೀರು ಹಾಕಿ ಅದನ್ನು ಕಿಟಕಿಯಲ್ಲಿಟ್ಟಳು.

"ಇರ್ಲಿ ಬಿಡು," ಅಂದಳು. "ನಾನಂತೂ ಮದುವೆ ಆಗಲ್ಲ. ಅದಕ್ಕೂ ಬೇಜಾರಾಗಿ ಬೇರೆ ಮನೆ ನೋಡ್ಕೊಳತ್ತೆ."

ಹೂವಿಗೆ ಬೇಜಾರಾಗಲಿಲ್ಲ. ಊರಿಗೆ ಆಯಿತು. ನಿಶ್ಚಯವಾದ ಜೋಡಿಗಳೆಲ್ಲ ಹಾಗೇ ನಿಂತುಬಿಟ್ಟವು. ಗೌನು ಹೊಲಿಯುವ ದರ್ಜಿ ಕಿಟಕಿಯ ಪರದೆ ಹೊಲಿಯತೊಡಗಿದ. ಬ್ಯಾಂಡಿನವರು ಸಂಜೆ ಹೊತ್ತು ಕೆರೆ ದಂಡೆಯಲ್ಲಿ ಕೂತು ಯಾರಿಗೂ ಬೇಡದ ಮೆರವಣಿಗೆಯ ಹಾಡು ನುಡಿಸಿದರು. ಭಾಷಣ ಕಂಠಪಾಠ ಮಾಡಿಕೊಂಡಿದ್ದ ಗೆಳೆಯರು ಅದನ್ನು ಮರೆಯದಿರಲು ಹೋಟೆಲುಗಳಲ್ಲಿ ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದರು. ಬ್ರೆಡ್ಡು ಕೊಳ್ಳಲು ಬಂದವರೆಲ್ಲ ಕಿಟಕಿಯ ಕಡೆ ನೋಡಿ, ಹೂವು ಇನ್ನೂ ನಳನಳಿಸುತ್ತಿದೆ ಅಂತ ಗೊತ್ತುಮಾಡಿಕೊಂಡು, ಉಸಿರು ಬಿಟ್ಟು ಹೋಗುತ್ತಿದ್ದರು.

ಆಮೇಲೆ ಸಂಬಂಧಗಳು ಬರತೊಡಗಿದವು. ಅಂಬಕ್ಕನಿಗೆ ಗಂಡು ಹುಡುಕುವುದು ಊರಿನ ಕೆಲಸವಾಯಿತು. ಪಕ್ಕದ ಬೀದಿಯ ವಿಧುರರು, ಮೂಲೆಮನೆಯ ಬ್ರಹ್ಮಚಾರಿ, ಯಾರದೋ ದೂರದ ಭಾವ, ಎಲ್ಲರೂ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಬೇಕರಿಯ ಬೆಂಚಿನ ಮೇಲೆ ಕೂತರು. ಅತ್ತೆ ಯಾರನ್ನೂ ಅವಮಾನಿಸಲಿಲ್ಲ. ಒಂದೊಂದು ತುಂಡು ಕೇಕು ಕೊಟ್ಟು, ಟೀ ಕೊಟ್ಟು, ಅವರ ಮಂಡಿನೋವಿನ ಕಥೆ ಕೇಳಿ ಕಳಿಸಿದಳು. ಒಬ್ಬರು ಹೊರಡುವಾಗ, "ಹೆಣ್ಣು ಹೇಗೋ ಗೊತ್ತಾಗ್ಲಿಲ್ಲ, ಕೇಕ್ ಮಾತ್ರ ಒಪ್ಪಿಗೆ," ಅಂದರಂತೆ.

ನಾನು ಮೊದಲು ಅತ್ತೆಯ ಜೊತೆ ಸೇರಿ ನಕ್ಕೆ. ಮಳೆಗಾಲ ಮುಗಿದು ಚಳಿ ಬಂದಾಗ ನಗು ಕಡಿಮೆಯಾಯಿತು. ಗುಣಪಾಲನ ಮನೆಯಲ್ಲಿ ನಮಗೆ ಅಂತ ಸುಣ್ಣ ಬಳಿದಿಟ್ಟಿದ್ದ ಕೋಣೆಯಲ್ಲಿ ಈಗ ಈರುಳ್ಳಿ ಚೀಲ ಇಟ್ಟಿದ್ದಾರೆ ಅಂತ ಅವನು ಹೇಳಿದ. ಹೇಳಿದ್ದು ತಮಾಷೆಯಾಗಿಯೇ, ಆದರೆ ಹೇಳಿ ನೆಲ ನೋಡಿದ. ಆವತ್ತು ಅಂಗಡಿ ಮುಚ್ಚುವಾಗ ಅತ್ತೆ ಯಾವುದೋ ಮಾತಿಗೆ ಜೋರಾಗಿ ನಕ್ಕಳು. ನನಗೆ ರೇಗಿತು.

"ನಿಂಗೇನತ್ತೆ, ನಗ್ತೀಯ. ನಿನ್ನ ದಿನ ಭರ್ತಿಯಾಗಿದೆ. ನಮ್ಮದೆಲ್ಲ ಖಾಲಿ ಇಟ್ಕೊಂಡು ಕಾಯ್ತಿದೀವಲ್ಲ," ಅಂದೆ.

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು. ಬಿಚ್ಚಿ ಮತ್ತೆ ಮಡಿಸಿದಳು. "ಹೌದಲ್ವಾ," ಅಂದಳು, ಅಷ್ಟೇ.

ಆ ವಾರವೇ ಅವಳು ಡ್ರಿಲ್ ಮೇಷ್ಟ್ರು ಕರಿಬಸಪ್ಪನವರಿಗೆ ಹೂಂ ಅಂದಳು. ಮೇಷ್ಟ್ರು ಶಾಲೆಯಿಂದ ನಿವೃತ್ತರಾದವರು, ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಕೋಲಿನ ಹಾಗೆ ನೆಟ್ಟಗೆ ನಿಲ್ಲುವ, ಯಾರಿಗೂ ಕೆಡುಕು ಬಯಸದ ಮನುಷ್ಯ. ಊರು ಹಬ್ಬದ ಹಾಗೆ ಎದ್ದು ಕೂತಿತು. ಗುಣಪಾಲ ಕ್ಲಾರಿನೆಟ್ಟಿನ ಊದುವ ಬಾಯಿಗೆ ಹೊಸ ರೀಡು ಹಾಕಿದ. ನಾನು ಅತ್ತೆಯನ್ನು ತಬ್ಬಿಕೊಂಡು ಕೆನ್ನೆಗೆ ಮುತ್ತಿಟ್ಟೆ. "ಸಾಕು ಸಾಕು, ಹಿಟ್ಟಾಗತ್ತೆ," ಅಂದಳು. ಅವಳ ಮೈಮೇಲೆ ಆವತ್ತು ಹಿಟ್ಟೇ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ಸಣ್ಣಸಣ್ಣ ಬದಲಾವಣೆಗಳಾದವು. ಮದುವೆಯಾದ ಮೇಲೆ ಮೇಷ್ಟ್ರು ನಮ್ಮ ಮನೆಗೇ ಬಂದಿರುವುದು ಅಂತಾಗಿತ್ತು. ಅವರಿಗೆ ಬೆಳಗಿನ ಹೊತ್ತು ಗದ್ದಲ ಆಗದು ಅಂತ ರೇಡಿಯೋ ಅಟ್ಟಕ್ಕೆ ಹೋಯಿತು. ಅವರ ಟ್ರೋಫಿಗಳಿಗೆ ಜಾಗ ಬೇಕು ಅಂತ ಅತ್ತೆ ತನ್ನ ಕೇಕಿನ ಅಚ್ಚುಗಳನ್ನು ಗೋಣಿಚೀಲಕ್ಕೆ ತುಂಬಿದಳು. ಅವರೇನೂ ಕೇಳಿರಲಿಲ್ಲ, ಇವಳೇ ಮಾಡಿದ್ದು. "ಹೊಂದ್ಕೋಬೇಕಲ್ಲ," ಅನ್ನುತ್ತಿದ್ದಳು. ತನ್ನ ಮದುವೆಯ ಕೇಕನ್ನು ತಾನೇ ಮಾಡಿದಳು, ಊರಲ್ಲಿ ಬೇರೆ ಯಾರಿಗೂ ಬರುವುದಿಲ್ಲವಲ್ಲ. ನಾನು ಪಕ್ಕದಲ್ಲಿ ಮೊಟ್ಟೆ ಒಡೆಯುತ್ತಿದ್ದೆ. ಇಡೀ ಬೇಕರಿಯಲ್ಲಿ ಸಕ್ಕರೆ ಕಡೆಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ನನಗೆ ಹೊಳೆಯಿತು: ಅವಳು ಹಾಡುತ್ತಿಲ್ಲ.

"ಅತ್ತೆ, ಮೇಷ್ಟ್ರು ಒಳ್ಳೆಯವರು ಅಲ್ವಾ?" ಅಂದೆ.

"ತುಂಬಾ ಒಳ್ಳೆಯವರು ಕಣೇ," ಅಂದಳು. "ಅದಕ್ಕೇ ಪಾಪ ಅನ್ಸತ್ತೆ."

ಮದುವೆಯ ದಿನ ಹಾಲ್ ತುಂಬಿ ಬಾಗಿಲಾಚೆಗೂ ಜನ. ಬಹುಪಾಲು ಸರದಿಗೆ ಕಾಯುತ್ತಿದ್ದ ಜೋಡಿಗಳೇ. ಗಂಡು ಮುಂಚೆ ಹೆಣ್ಣನ್ನು ನೋಡಬಾರದಲ್ಲ, ಅದಕ್ಕೆ ಮೇಷ್ಟ್ರು ಗೋಡೆಗೆ ಮುಖ ಮಾಡಿ ಸಾವಧಾನ್ ಭಂಗಿಯಲ್ಲಿ ನಿಂತಿದ್ದರು. ನಾನು ನೀಲಿ ಉಡುಪಿನಲ್ಲಿ ವಧುವಿನ ಜೊತೆಗಾತಿ. ಕ್ಲಾರಿನೆಟ್ ಶುರುವಾಯಿತು. ಅತ್ತೆ ಬಿಳಿ ಗೌನಿನಲ್ಲಿ, ಕಿಟಕಿಯಲ್ಲಿದ್ದ ಆ ಹೂಗುಚ್ಛ ಹಿಡಿದು, ಒಬ್ಬಳೇ ನಡುದಾರಿಯಲ್ಲಿ ಬಂದಳು. ನಿಜ ಹೇಳಬೇಕೆಂದರೆ ಚೆನ್ನಾಗಿ ಕಾಣುತ್ತಿದ್ದಳು. ಹೆಂಗಸರು ಕಣ್ಣೊರೆಸಿಕೊಂಡರು.

ನಮ್ಮೂರಿನ ಮದುವೆಗಳನ್ನು ನಡೆಸಿಕೊಡುವವರು ತುಂಗಜ್ಜಿ. ಅವರ ಅಮ್ಮ, ಅಮ್ಮನ ಅಮ್ಮ ಕೇಳಿದ ಪ್ರಶ್ನೆಗಳನ್ನೇ ಅವರೂ ಅದೇ ರಾಗದಲ್ಲಿ ಕೇಳುತ್ತಾರೆ. ಅದರಲ್ಲಿ ಒಂದು ಪ್ರಶ್ನೆ ಹೀಗಿದೆ: "ಈ ಇಬ್ಬರು ಒಂದಾಗಬಾರದು ಅನ್ನುವವರು ಯಾರಾದರೂ ಇದ್ದರೆ ಈಗ ಹೇಳಿ. ಇಲ್ಲವಾದರೆ ಮುಂದೆಂದೂ ಬಾಯಿ ತೆರೆಯಬೇಡಿ." ಅದಕ್ಕೆ ಉತ್ತರ ಕೊಡುವ ರೂಢಿಯಿಲ್ಲ. ಗಂಟಲು ಕೆರೆಯುತ್ತಿದ್ದವರು ಕೆಮ್ಮಿಕೊಳ್ಳಲು, ಮಕ್ಕಳ ಮೂಗು ಒರೆಸಲು ಸಿಗುವ ಬಿಡುವು ಅದು.

ತುಂಗಜ್ಜಿ ಕೇಳಿದರು. ಜನ ಕೆಮ್ಮಿದರು. ನಾನು ಅತ್ತೆಯನ್ನು ನೋಡಿದೆ. ಪರದೆಯ ಹಿಂದೆ ಅವಳ ಮುಖದಲ್ಲಿ ದುಃಖವೇನೂ ಇರಲಿಲ್ಲ. ಊರಿಗೆ ಹೊರಟವರು ಮನೆಯ ಬೀಗ ಹಾಕಿ ಒಮ್ಮೆ ಎಳೆದು ನೋಡುತ್ತಾರಲ್ಲ, ಆ ಮುಖ. ಅವಳ ನೋಟ ಮೇಷ್ಟ್ರ ಮೇಲಿರಲಿಲ್ಲ, ಕೇಕಿನ ಮೇಲಿತ್ತು. ಅದರ ಹಿಂದೆ ಯಾರೂ ನಿಂತಿರಲಿಲ್ಲ.

"ನಾನು," ಅಂದೆ.

ನನ್ನ ದನಿ ನನಗೇ ಪರಕೀಯವಾಗಿ ಕೇಳಿತು. ಕೆಮ್ಮು ನಿಂತಿತು. ತುಂಗಜ್ಜಿ ಕನ್ನಡಕ ಸರಿಮಾಡಿಕೊಂಡು, "ಏನಮ್ಮಾ? ನೀರು ಬೇಕಾ?" ಅಂದರು.

"ಇಲ್ಲ ಅಜ್ಜಿ. ಈ ಮದುವೆ ಬೇಡ. ನಮ್ಮತ್ತೆಗೆ ಇಷ್ಟ ಇಲ್ಲ. ನಂಗೋಸ್ಕರ ಒಪ್ಪಿದಾಳೆ."

"ವಾರಿಜಾ, ಸುಮ್ನಿರು," ಅಂದಳು ಅತ್ತೆ, ಪರದೆಯೊಳಗಿಂದ. "ನಿನ್ನ ಮದುವೆ ನಿಂತೋಗತ್ತೆ ಕಣೇ."

"ನಿಲ್ಲಲಿ."

ಹೇಳಿದೆನಷ್ಟೆ. ಗುಣಪಾಲನ ಕಡೆ ನೋಡಲು ಧೈರ್ಯ ಬರಲಿಲ್ಲ. ಹಿಂದಿನಿಂದ ಯಾರೋ, "ಲೇ ಹುಡುಗಿ, ನಿಂಗೆ ತಲೆ ಕೆಟ್ಟಿದ್ಯಾ? ನಾವೆಲ್ಲ ಏನ್ಮಾಡೋದು?" ಅಂತ ಕೂಗಿದರು. ಹೌದು ಹೌದು ಅಂತ ಗದ್ದಲವೆದ್ದಿತು. ಅದರ ನಡುವೆ ಬ್ಯಾಂಡಿನ ಮೂಲೆಯಿಂದ ಗುಣಪಾಲ ಎದ್ದು ನಿಂತು, ಯಾರ ಕಡೆಗೂ ನೋಡದೆ, "ವಾರಿಜಾ ಹೇಳಿದ್ದೇ ನನ್ನ ಮಾತೂ," ಅಂದ. ಅವನು ಹೆದರಿದಾಗ ಕ್ಲಾರಿನೆಟ್ಟನ್ನು ಎದೆಗವಚಿಕೊಳ್ಳುತ್ತಾನೆ. ಈಗಲೂ ಹಾಗೇ ಹಿಡಿದಿದ್ದ.

ಎಲ್ಲರೂ ಮೇಷ್ಟ್ರನ್ನು ನೋಡಿದರು. ಅವರು ಕೆಂಪಗಾಗಿದ್ದರು. ನಾನು ಅವರ ಮರ್ಯಾದೆ ತೆಗೆದೆನಲ್ಲ ಅಂತ ನನಗೆ ಆಗ ಹೊಳೆಯಿತು. ನಾನು ಕೈಮುಗಿದು, "ಮೇಷ್ಟ್ರೇ, ನಿಮ್ಮ ಮೇಲೆ ನಂಗೇನೂ..." ಅಂತ ಶುರುಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ಅಂಬಕ್ಕ," ಅಂದರು, "ನಿಜವಾಗ್ಲೂ ನಿಮಗೆ ಇಷ್ಟ ಇಲ್ವಾ?"

ಅತ್ತೆ ಪರದೆ ಎತ್ತಿದಳು. "ಕ್ಷಮಿಸಿ ಮೇಷ್ಟ್ರೇ. ನಿಮ್ಮಂಥವರಿಗೆ ಸುಳ್ಳು ಹೇಳೋದು ಕಷ್ಟ. ಇಲ್ಲ."

ಮೇಷ್ಟ್ರು ಆವತ್ತು ಮೊದಲ ಸಲ ವಿಶ್ರಾಮ್ ಭಂಗಿಗೆ ಬಂದರು. ಹೆಗಲು ಇಳಿಯಿತು, ಹೊಟ್ಟೆಯೂ ಸ್ವಲ್ಪ ಹೊರಗೆ ಬಂತು. "ನಂಗೂ ಇಲ್ಲ ತಾಯಿ," ಅಂದರು. "ನಮ್ಮ ಮೊಮ್ಮಗಳು ಇವರ ಥರಾನೇ ಕಾಯ್ತಿದ್ಲು. ಅವಳ ಮುಖ ನೋಡೋಕಾಗ್ದೆ ಬಂದೆ. ನಮ್ಮ ಮನೇಲಿ ನನ್ನ ಹೆಂಡತಿ ಕೂರ್ತಿದ್ದ ಕುರ್ಚಿ ಇದೆ. ಅದನ್ನ ಅಲ್ಲಿಂದ ಹೇಗೆ ಸರಿಸೋದು ಅಂತ ಒಂದು ವಾರದಿಂದ ನಿದ್ದೆ ಇಲ್ಲ ನಂಗೆ."

"ಅಯ್ಯೋ, ಸರಿಸ್ಬೇಡಿ ಮೇಷ್ಟ್ರೇ," ಅಂದಳು ಅತ್ತೆ. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಇಬ್ಬರೂ ಮದುವೆಯ ವೇದಿಕೆಯ ಮೇಲೆ ಒಬ್ಬರಿಗೊಬ್ಬರು ನಮಸ್ಕಾರ ಮಾಡಿದರು. ಅಷ್ಟು ಸಮಾಧಾನವಾಗಿ ನಿಂತ ಗಂಡು ಹೆಣ್ಣನ್ನು ಆ ವೇದಿಕೆಯ ಮೇಲೆ ನಾನು ಆಮೇಲೂ ನೋಡಿಲ್ಲ.

ಜನ ತುಂಗಜ್ಜಿಯನ್ನು ನೋಡಿದರು. ಅವರಿಗೂ ಇದು ಹೊಸದೇ. ಸ್ವಲ್ಪ ಹೊತ್ತು ತುಟಿ ಅಲುಗಿಸುತ್ತಾ ಪ್ರಶ್ನೆಗಳನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡರು. "ನೋಡ್ರಪ್ಪಾ," ಅಂದರು ಕೊನೆಗೆ, "ನಮ್ಮಮ್ಮ ಕೇಳು ಅಂದ್ಲು, ನಾನು ಕೇಳ್ತಾ ಬಂದೆ. ಕೇಳೋದು ಅಂದ್ಮೇಲೆ ಯಾರಾದ್ರೂ ಉತ್ತರ ಕೊಡ್ಲಿ ಅಂತಾನೇ ಇರ್ಬೇಕಲ್ಲ? ಅಂಬುಜಾಕ್ಷಿ ಮದುವೆಗೆ ಬಂದಿದ್ದಾಯ್ತು, ಕೇಳಿದ್ದಾಯ್ತು, ಬೇಡ ಅಂದಿದ್ದೂ ಆಯ್ತು. ಅವಳ ಸರದಿ ಮುಗೀತು."

ಅವರ ಮಾತು ಮುಗಿಯುವಷ್ಟರಲ್ಲಿ ಮುಂದಿನ ಸಾಲಿನವರು "ಅಗೋ" ಅಂದರು. ಮಳೆಗಾಲದಿಂದ ಒಂದು ಎಸಳೂ ಬಾಡದೆ ಇದ್ದ ಹೂಗುಚ್ಛ ಅತ್ತೆಯ ಕೈಯಲ್ಲಿ ತಲೆ ಬಗ್ಗಿಸುತ್ತಿತ್ತು. ಎಸಳುಗಳು ಒಂದೊಂದಾಗಿ ಗೌನಿನ ಮೇಲೆ ಉದುರಿದವು. ಅತ್ತೆ ಕಡ್ಡಿಗಳನ್ನು ತಿರುಗಿಸಿ ನೋಡಿ, ಜೋಪಾನವಾಗಿ ಮೇಜಿನ ಮೇಲಿಟ್ಟಳು. ಕೈ ಝಾಡಿಸಿಕೊಂಡಳು. ಅವು ಅಲ್ಲೇ ಬಿದ್ದಿದ್ದವು, ಹಿಂದಿರುಗಿ ಬರಲಿಲ್ಲ.

ಈಗ ಹೂಗುಚ್ಛ ಯಾರ ಕೈಯಲ್ಲೂ ಇಲ್ಲ. ಮುಂದೆ ಯಾರು ಅಂತ ಜಗಳ ಶುರುವಾಗುವುದರೊಳಗೆ ಅತ್ತೆಯ ದನಿ ಹಾಲನ್ನೆಲ್ಲ ತುಂಬಿತು. ಎಷ್ಟೋ ದಿನದ ಮೇಲೆ ಅವಳ ಹಳೆಯ ದನಿ. "ಕೇಕಿದೆ, ಪಾನಕ ಇದೆ, ಜನ ಇದೀರಿ. ಹುಡುಗಿ ಬಾಯಿ ಬಿಟ್ಟು ತನ್ನ ಮದುವೇನೇ ಪಣಕ್ಕಿಟ್ಟಳು. ಅವಳಿಗಿಂತ ಮುಂಚೆ ಯಾರಾದ್ರೂ ಬರ್ತೀರಾ? ಬರೋದಾದ್ರೆ ಬನ್ನಿ, ಕೇಕಿನ ಚಾಕು ನನ್ನ ಹತ್ರಾನೇ ಇದೆ."

ಯಾರೂ ಬರಲಿಲ್ಲ. ಮೇಷ್ಟ್ರ ಮೊಮ್ಮಗಳೇ ಮೊದಲು ಚಪ್ಪಾಳೆ ತಟ್ಟಿದಳು.

ಅತ್ತೆ ತನ್ನ ಪರದೆ ತೆಗೆದು ನನ್ನ ತಲೆಗೆ ಸಿಕ್ಕಿಸಿದಳು. ಗುಣಪಾಲ ಬೆಳಗಿನಿಂದ ನನ್ನನ್ನು ನೋಡಿಬಿಟ್ಟಿದ್ದಾನಲ್ಲ ಅಂತ ಹೆಂಗಸರು ತಕರಾರು ತೆಗೆದರು. ತುಂಗಜ್ಜಿ ಅವನಿಗೆ ಕಣ್ಣು ಮುಚ್ಚಲು ಹೇಳಿ, "ನೋಡಿದ್ದು ಮರ್ತುಬಿಡು, ಈಗ ಹೊಸದಾಗಿ ನೋಡು," ಅಂದರು. ಅವನು ಕಣ್ಣು ಬಿಟ್ಟು, ಹೇಳಿದ ಹಾಗೆಯೇ ಹೊಸದಾಗಿ ನೋಡಿದ. ಕ್ಲಾರಿನೆಟ್ ನುಡಿಸುವವನೇ ಮದುಮಗನಾದ್ದರಿಂದ ನಾನು ಬರೀ ಡೋಲಿನ ಸದ್ದಿಗೆ ನಡುದಾರಿಯಲ್ಲಿ ನಡೆದೆ. ಮೇಷ್ಟ್ರು ಪಕ್ಕದಲ್ಲಿ ನಿಂತು ಮೆಲ್ಲನೆ ಎಡ ಬಲ, ಎಡ ಬಲ ಅನ್ನುತ್ತಿದ್ದರು. ನನ್ನ ತೋಳು ಹಿಡಿದಿದ್ದವಳು ಅಂಬತ್ತೆ.

"ಈ ಹುಡುಗಿಯನ್ನು ಒಪ್ಪಿಸಿಕೊಡುವವರು ಯಾರು?" ತುಂಗಜ್ಜಿ ಕೇಳಿದರು.

"ನಾನು," ಅಂದಳು ಅತ್ತೆ. "ಪೂರ್ತಿ ಅಲ್ಲ ಮತ್ತೆ. ಬೆಳಿಗ್ಗೆ ಹೊತ್ತು ಮೊಟ್ಟೆ ಒಡೆಯೋಕೆ ನಂಗೆ ಬೇಕು." ಹಾಲೆಲ್ಲ ನಕ್ಕಿತು. ಗುಣಪಾಲ ಒಪ್ಪಿಗೆ ಅಂತ ತಲೆಯಾಡಿಸಿದ.

ಆಮೇಲೆ ತುಂಗಜ್ಜಿ ಆ ಇನ್ನೊಂದು ಪ್ರಶ್ನೆ ಕೇಳಿದರು. ಈ ಸಲ ರಾಗ ಎಳೆಯಲಿಲ್ಲ, ನಿಜವಾಗಿ ಉತ್ತರ ಬೇಕಾದವರ ಹಾಗೆ ಕೇಳಿದರು. ಯಾರೂ ಕೆಮ್ಮಲಿಲ್ಲ. ಇಷ್ಟು ಜನ ಒಟ್ಟಿಗೆ ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಆವತ್ತೇ. ಅತ್ತೆ ನನ್ನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಅದನ್ನು ಒಮ್ಮೆ ಅದುಮಿದಳು, ಏನೇ, ಹೇಳ್ತೀಯಾ, ಅನ್ನುವ ಹಾಗೆ. ಏನೂ ಇಲ್ಲ ಅಂತ ನಾನೂ ಅದುಮಿದೆ.

ಅವಳು ಕೈ ಬಿಟ್ಟಳು. ಗುಣಪಾಲ ಇಷ್ಟು ದಿನ ಜೇಬಿನಲ್ಲೇ ಇಟ್ಟುಕೊಂಡಿದ್ದ ಉಂಗುರ ತೆಗೆದ. ಅದು ನನ್ನ ನಡುಗೆಣ್ಣಿನ ಹತ್ತಿರ ಬಂದು, ಒಂದು ಕ್ಷಣವೂ ನಿಲ್ಲದೆ, ಬೆಣ್ಣೆಯ ಮೇಲೆ ಜಾರಿದ ಹಾಗೆ ಒಳಗೆ ಹೋಯಿತು.